ಇಸಿಜಿಯಲ್ಲಿ ಎರಡು ‘ಬ್ಲಾಕ್’ ಬಂದಿದೆ, ಸ್ಟೆಂಟ್ ಹಾಕಿಸಬೇಕಾ?

ಪ್ರಶ್ನೆ: ಡಾಕ್ಟ್ರೇ, ನನಗೆ 46 ವರ್ಷ. ಶಾಲೆಯಲ್ಲಿ ಟೀಚರ್. ನಾಲ್ಕು ವರ್ಷದಿಂದ ಬಿಪಿ ಇದೆ. ದಿನಾ ಬೆಳಿಗ್ಗೆ ಅಟೆನೊಲಾಲ್ 50 ಮಿಲಿಗ್ರಾಂ ಮಾತ್ರೆ ತೆಗೆದುಕೊಳ್ಳುತ್ತೇನೆ. ಬಿಪಿ ಈಗ 128/80ರ ಆಸುಪಾಸು ಇರುತ್ತದೆ. ಎರಡು ತಿಂಗಳಿಂದ ರಾತ್ರಿ ಎಡಮಗ್ಗುಲಾಗಿ ಮಲಗಿದಾಗ ಎದೆಬಡಿತ ಒಂದು ಸಲ ನಿಂತ ಹಾಗಾಗುತ್ತದೆ. ಆಮೇಲೆ ಒಮ್ಮೆ ಜೋರಾಗಿ ‘ಧಡ್’ ಅನ್ನುತ್ತದೆ. ಇಸಿಜಿ ಮಾಡಿಸಿದೆ. ಮೆಷಿನ್ ಪ್ರಿಂಟ್ ಮಾಡಿಕೊಟ್ಟ ಹಾಳೆಯಲ್ಲಿ ‘ಫಸ್ಟ್ ಡಿಗ್ರಿ ಎವಿ ಬ್ಲಾಕ್’, ‘ಇನ್‌ಕಂಪ್ಲೀಟ್ ರೈಟ್ ಬಂಡಲ್ ಬ್ರಾಂಚ್ ಬ್ಲಾಕ್’, ‘ವಿಪಿಸಿ’ ಅಂತಿದೆ. ರೇಟ್ 56, ಪಿಆರ್ 220. ನನ್ನ ಅಣ್ಣನಿಗೆ 52 ವರ್ಷ. ಹೋದ ವರ್ಷ ಅವನಿಗೆ ಎರಡು ಬ್ಲಾಕ್ ಇದೆ ಅಂತ ಸ್ಟೆಂಟ್ ಹಾಕಿದರು. ನನಗೂ ಎರಡು ಬ್ಲಾಕ್ ಅಲ್ವಾ? ಸ್ಟೆಂಟ್ ಬೇಕಾ, ಪೇಸ್‌ಮೇಕರ್ ಬೇಕಾ? ಒಂದು ಸಲ ನಿಂತ ಬಡಿತ ಹಾಗೇ ನಿಂತುಬಿಟ್ಟರೆ? ತಲೆಸುತ್ತು ಬಂದಿಲ್ಲ, ಬಿದ್ದಿಲ್ಲ, ಮೆಟ್ಟಿಲು ಹತ್ತಿದರೆ ಎದೆನೋವೂ ಇಲ್ಲ. ಆದರೂ ಹೆದರಿಕೆಗೆ ವಾಕಿಂಗ್ ಬಿಟ್ಟಿದ್ದೇನೆ. ಎಡಕ್ಕೆ ಮಲಗುವುದನ್ನೂ ಬಿಟ್ಟಿದ್ದೇನೆ. ಓದಿದಷ್ಟೂ ಗಾಬರಿ ಜಾಸ್ತಿ ಆಗುತ್ತಿದೆ.

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ನೀವು ಬರೆದದ್ದನ್ನು ನೋಡಿದರೆ, ಸ್ಟೆಂಟ್ ಬೇಕು ಅನ್ನಿಸುವ ವಿಷಯ ಈ ಹಾಳೆಯಲ್ಲಿ ಒಂದೂ ಇಲ್ಲ. ಪೇಸ್‌ಮೇಕರ್ ಬೇಕು ಅನ್ನುವಂಥದ್ದೂ ಇಲ್ಲ. ನಿಮ್ಮನ್ನು ಎದುರಿಗೆ ಕೂರಿಸಿ ನೋಡಿಲ್ಲವಾದ್ದರಿಂದ ಒಂದೆರಡು ಪರೀಕ್ಷೆ ಮಾಡಿಸಿ ಅನ್ನುತ್ತೇನೆ, ಆ ಮಾತು ಆಮೇಲೆ.

ನಿಮ್ಮನ್ನು ಹೆದರಿಸಿದ್ದು ಕಾಯಿಲೆಗಿಂತ ಹೆಚ್ಚಾಗಿ ಒಂದು ಪದ. ‘ಬ್ಲಾಕ್’. ನಿಮ್ಮ ಅಣ್ಣನಿಗೆ ಇದ್ದದ್ದೂ ಬ್ಲಾಕ್, ನಿಮ್ಮ ಇಸಿಜಿಯಲ್ಲಿ ಇರುವುದೂ ಬ್ಲಾಕ್. ಹೆಸರು ಒಂದೇ, ವಿಷಯ ಬೇರೆ ಬೇರೆ. ತಪ್ಪು ನಿಮ್ಮದಲ್ಲ, ಡಾಕ್ಟರುಗಳದ್ದು. ಎರಡು ಬೇರೆ ತೊಂದರೆಗಳಿಗೆ ಒಂದೇ ಪದ ಇಟ್ಟು, ಅದನ್ನು ದಪ್ಪ ಅಕ್ಷರದಲ್ಲಿ ಪ್ರಿಂಟ್ ಮಾಡಿ ಜನರ ಕೈಗೆ ಕೊಡುತ್ತಿದ್ದೇವೆ. ನನ್ನ ಕೋಣೆಗೆ ವಾರಕ್ಕೆ ಒಬ್ಬರಾದರೂ ಇದೇ ಹಾಳೆ, ಇದೇ ಮುಖ ಹೊತ್ತು ಬರುತ್ತಾರೆ.

ಅಣ್ಣನಿಗೆ ಇದ್ದದ್ದು ರಕ್ತನಾಳದ ಬ್ಲಾಕ್. ಹೃದಯದ ಮಾಂಸಕ್ಕೆ ರಕ್ತ ಕೊಡುವ ಕೊಳವೆಯ ಒಳಗೋಡೆಯಲ್ಲಿ ಕೊಬ್ಬು ಸೇರಿ ದಾರಿ ಕಿರಿದಾಗಿತ್ತು. ಆ ಜಾಗದಲ್ಲಿ ಬಲೆಯಂಥ ಸಣ್ಣ ಲೋಹದ ಕೊಳವೆ ಇಟ್ಟು ದಾರಿ ಅಗಲ ಮಾಡಿದ್ದಾರೆ. ಅದೇ ಸ್ಟೆಂಟ್. ನಿಮ್ಮ ಹಾಳೆಯಲ್ಲಿ ಇರುವುದು ಕರೆಂಟಿನ ದಾರಿಯ ಮಾತು. ಅಲ್ಲಿ ಕೊಬ್ಬೂ ಇಲ್ಲ, ಕಿರಿದಾದ ಕೊಳವೆಯೂ ಇಲ್ಲ. ಮನೆಯಲ್ಲಿ ಸ್ವಿಚ್ ಹಾಕಿದ ಮೇಲೆ ಟ್ಯೂಬ್‌ಲೈಟ್ ಸ್ವಲ್ಪ ತಡವಾಗಿ ಹತ್ತಿದರೆ ನಲ್ಲಿ ರಿಪೇರಿಯವರನ್ನು ಕರೆಯುವುದಿಲ್ಲ ಅಲ್ವಾ? ಹಾಗೆ.

ಈ ನಲ್ಲಿ-ವೈರಿನ ಹೋಲಿಕೆ ಒಂದು ಹಂತದವರೆಗೆ ಸರಿ. ಅದರಾಚೆ ಎಳೆದರೆ ಹರಿದುಹೋಗುತ್ತದೆ. ಯಾಕೆ ಅಂತ ತಿಳಿಯಲು ಕರೆಂಟ್ ಎಲ್ಲಿಂದ ಬರುತ್ತದೆ ಅನ್ನುವುದನ್ನು ನೋಡಬೇಕು.

ನಾವು ಮೊದಲ ವರ್ಷದ ಮೆಡಿಕಲ್ ಓದುವಾಗ ಕಪ್ಪೆಯ ಹೃದಯವನ್ನು ಹೊರಗೆ ತೆಗೆದು ಉಪ್ಪುನೀರಿನಲ್ಲಿ ಇಟ್ಟು ತೋರಿಸಿದ್ದರು. ಮೈ ಇಲ್ಲ, ಮಿದುಳಿಲ್ಲ, ನರಗಳನ್ನು ಕತ್ತರಿಸಿ ಆಗಿದೆ. ಗಾಜಿನ ಬಟ್ಟಲಿನಲ್ಲಿ ಉಗುರಿನಷ್ಟು ಮಾಂಸದ ತುಂಡು ತನ್ನ ಪಾಡಿಗೆ ತಾನು ಬಡಿದುಕೊಳ್ಳುತ್ತಲೇ ಇತ್ತು. ಅದನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ. ಆದರೆ ಪಾಠ ಮರೆತಿಲ್ಲ. ಹೃದಯಕ್ಕೆ ‘ಬಡಿ’ ಅಂತ ಯಾರೂ ಹೇಳಬೇಕಿಲ್ಲ.

ಆ ಉಪ್ಪುನೀರಿಗೂ ಒಂದು ಕಥೆ ಇದೆ. 1880ರ ದಶಕದಲ್ಲಿ ಲಂಡನ್ನಿನ ಸಿಡ್ನಿ ರಿಂಗರ್ ಅನ್ನುವ ಡಾಕ್ಟರ್ ಕಪ್ಪೆಯ ಹೃದಯವನ್ನು ಬರೀ ಸೋಡಿಯಂ ಉಪ್ಪು ಹಾಕಿದ ನೀರಿನಲ್ಲಿ ಇಟ್ಟರೂ ಚೆನ್ನಾಗಿ ಬಡಿಯುತ್ತದೆ ಅಂತ ಬರೆದರು. ಆಮೇಲೆ ಗೊತ್ತಾಯಿತು, ಸಹಾಯಕ ಆ ದ್ರಾವಣ ಮಾಡಿದ್ದು ಭಟ್ಟಿ ಇಳಿಸಿದ ಶುದ್ಧ ನೀರಿನಲ್ಲಿ ಅಲ್ಲ, ನಲ್ಲಿ ನೀರಿನಲ್ಲಿ! ಶುದ್ಧ ನೀರು ಹಾಕಿ ಮಾಡಿದಾಗ ಹೃದಯ ಬೇಗ ನಿಂತುಹೋಯಿತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಅದನ್ನು ನಡೆಸುತ್ತಿತ್ತು. ಸೋಡಿಯಂ, ಪೊಟಾಶಿಯಂ, ಕ್ಯಾಲ್ಸಿಯಂ, ಈ ಮೂರು ಲವಣಗಳು ಜೀವಕೋಶದ ಪೊರೆಯ ಒಳಗೂ ಹೊರಗೂ ಓಡಾಡುವುದೇ ಹೃದಯದ ಕರೆಂಟ್. ಅದಕ್ಕೇ ವಾಂತಿ-ಭೇದಿ ಜಾಸ್ತಿಯಾಗಿ ಪೊಟಾಶಿಯಂ ಇಳಿದಾಗ ಬಡಿತ ತಪ್ಪುವುದು.

ಈಗ ದಾರಿ ನೋಡೋಣ. ಹೃದಯದಲ್ಲಿ ನಾಲ್ಕು ಕೋಣೆ. ಮೇಲೆ ಎರಡು, ಕೆಳಗೆ ಎರಡು. ಬಲಗಡೆಯ ಮೇಲಿನ ಕೋಣೆಯ ಗೋಡೆಯಲ್ಲಿ ಎಸ್‌ಎ ನೋಡ್ ಅನ್ನುವ ಸಣ್ಣ ಜಾಗ ಇದೆ. ಅಲ್ಲಿನ ಕೋಶಗಳು ಸುಮ್ನೆ ಇರಲಾರವು. ಲವಣ ನಿಧಾನಕ್ಕೆ ಒಳಗೆ ಸೋರುತ್ತಾ ಒಂದು ಮಟ್ಟ ಮುಟ್ಟಿದ ಕೂಡಲೇ ಕಿಡಿ ಹಾರುತ್ತದೆ. ಮತ್ತೆ ಮೊದಲಿನಿಂದ ಸೋರಿಕೆ. ನಿಮಿಷಕ್ಕೆ 60ರಿಂದ 100 ಸಲ. ದಿನಕ್ಕೆ ಲೆಕ್ಕ ಹಾಕಿದರೆ ಒಂದು ಲಕ್ಷದ ಆಸುಪಾಸು.

ಆ ಕಿಡಿ ಮೇಲಿನ ಎರಡೂ ಕೋಣೆಗಳಿಗೆ ಹರಡುತ್ತದೆ, ಅವು ಹಿಂಡುತ್ತವೆ. ಆದರೆ ಕೆಳಗಿನ ಕೋಣೆಗಳಿಗೆ ಅದು ಸೀದಾ ಇಳಿಯುವಂತಿಲ್ಲ. ಮಧ್ಯೆ ಕರೆಂಟ್ ಹಾಯದ ನಾರಿನ ತಡೆ ಇದೆ. ಆ ತಡೆಯಲ್ಲಿ ಇರುವುದು ಒಂದೇ ಬಾಗಿಲು, ಎವಿ ನೋಡ್. ಇದನ್ನು 1906ರಲ್ಲಿ ಬಿಡಿಸಿ ತೋರಿಸಿದವರು ಜರ್ಮನಿಯಲ್ಲಿ ಕೆಲಸ ಮಾಡುತ್ತಿದ್ದ ಜಪಾನಿನ ಸುನಾವೊ ತವಾರ. ತಮಾಷೆ ಅಂದರೆ ಮೊದಲು ಸಿಕ್ಕಿದ್ದು ದಾರಿಯ ಕೊನೆ. ಕೊನೆಯ ಎಳೆಗಳನ್ನು ಪುರ್ಕಿಂಜೆ 1839ರಲ್ಲೇ ಕಂಡಿದ್ದರು. ನಡುವಿನ ಕಟ್ಟನ್ನು ವಿಲ್ಹೆಲ್ಮ್ ಹಿಸ್ 1893ರಲ್ಲಿ ಗುರುತಿಸಿದರು. ಕಿಡಿ ಹುಟ್ಟುವ ಜಾಗ, ಅಂದರೆ ಎಸ್‌ಎ ನೋಡ್ ಸಿಕ್ಕಿದ್ದು ಎಲ್ಲಕ್ಕಿಂತ ಕೊನೆಗೆ, 1907ರಲ್ಲಿ, ಕೀತ್ ಮತ್ತು ಫ್ಲ್ಯಾಕ್ ಅವರಿಗೆ.

ಎವಿ ನೋಡ್ ಕೆಲಸವೇ ತಡ ಮಾಡುವುದು. ಕಿಡಿ ಅಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಕಾಯುತ್ತದೆ. ಆ ಹೊತ್ತಿನಲ್ಲಿ ಮೇಲಿನ ಕೋಣೆಯ ರಕ್ತ ಪೂರ್ತಿ ಕೆಳಗೆ ಇಳಿಯುತ್ತದೆ. ತಡವೇ ಇಲ್ಲದೆ ಎಲ್ಲ ಕೋಣೆ ಒಟ್ಟಿಗೆ ಹಿಂಡಿದರೆ ಅರ್ಧ ತುಂಬಿದ ಕೊಡ ಎತ್ತಿದ ಹಾಗೆ. ಬಾಗಿಲು ದಾಟಿದ ಮೇಲೆ ಮಾತ್ರ ಕಿಡಿ ಓಡುತ್ತದೆ. ಎಡಕ್ಕೊಂದು ಬಲಕ್ಕೊಂದು ಕವಲು, ಆ ಕವಲುಗಳಿಂದ ನೂರಾರು ಎಳೆ. ಕೆಳಗಿನ ಎರಡೂ ಕೋಣೆ ಹೆಚ್ಚುಕಡಿಮೆ ಒಟ್ಟಿಗೇ ಹಿಂಡುತ್ತವೆ.

ಹೋಲಿಕೆ ಇಲ್ಲೇ ಹರಿಯುವುದು. ಇದು ತಾಮ್ರದ ತಂತಿಯಲ್ಲ, ಸ್ವಲ್ಪ ಮಾರ್ಪಾಡಾದ ಹೃದಯದ ಮಾಂಸವೇ. ಅದಕ್ಕೂ ರಕ್ತ ಬೇಕು. ರಕ್ತನಾಳ ಮುಚ್ಚಿದರೆ ಕರೆಂಟೂ ಕೆಡಬಹುದು. ಆ ಸಂಬಂಧ ಇದೆ. ಹಾಗಂತ ಕರೆಂಟಿನ ಸಣ್ಣ ತಡ ಕಂಡ ಕೂಡಲೇ ರಕ್ತನಾಳ ಮುಚ್ಚಿದೆ ಅಂದುಕೊಳ್ಳುವುದು ತಲೆಕೆಳಗಾದ ಲೆಕ್ಕ.

ಈಗ ನಿಮ್ಮ ಇಸಿಜಿ ಹಾಳೆ ತೆಗೆದುಕೊಳ್ಳಿ. ಚೌಕದ ಗೆರೆಗಳು ಇವೆಯಲ್ಲ, ಮಾಮೂಲಿ ವೇಗದಲ್ಲಿ ಒಂದು ಸಣ್ಣ ಚೌಕ ಅಂದರೆ 0.04 ಸೆಕೆಂಡ್. ಮೊದಲು ಒಂದು ಸಣ್ಣ ಗುಡ್ಡೆ ಕಾಣುತ್ತದೆ, ಅದು ಪಿ, ಮೇಲಿನ ಕೋಣೆಗಳ ಕಿಡಿ. ಆಮೇಲೆ ಚೂಪಾದ ಎತ್ತರದ ಗೆರೆ, ಅದು ಕೆಳಗಿನ ಕೋಣೆಗಳದ್ದು. ಗುಡ್ಡೆ ಶುರುವಾದಲ್ಲಿಂದ ಚೂಪುಗೆರೆ ಶುರುವಾಗುವವರೆಗೆ ಚೌಕ ಎಣಿಸಿ. ಈ ಅಂತರವೇ ಪಿಆರ್. ಐದರವರೆಗೆ ಇದ್ದರೆ ಮಾಮೂಲು, ಅಂದರೆ 200 ಮಿಲಿಸೆಕೆಂಡ್. ನಿಮ್ಮದು 220, ಐದೂವರೆ ಚೌಕ. ಅರ್ಧ ಚೌಕ ಜಾಸ್ತಿ! ಇದಕ್ಕೆ ಇಟ್ಟ ಹೆಸರು ‘ಫಸ್ಟ್ ಡಿಗ್ರಿ ಎವಿ ಬ್ಲಾಕ್’.

ಪ್ರತಿ ಗುಡ್ಡೆಯ ಹಿಂದೆಯೂ ಒಂದು ಚೂಪುಗೆರೆ ಇದೆಯಾ ನೋಡಿ. ಫಸ್ಟ್ ಡಿಗ್ರಿಯಲ್ಲಿ ಇರಲೇಬೇಕು. ಅಂದರೆ ಒಂದು ಕಿಡಿಯೂ ನಿಂತಿಲ್ಲ, ಎಲ್ಲವೂ ದಾಟಿವೆ, ಸ್ವಲ್ಪ ನಿಧಾನವಾಗಿ. ನನ್ನನ್ನು ಕೇಳಿದರೆ ಇದಕ್ಕೆ ಬ್ಲಾಕ್ ಅನ್ನುವ ಹೆಸರೇ ತಪ್ಪು. ಎರಡನೇ ಹಂತದಲ್ಲಿ ಕೆಲವು ಕಿಡಿ ದಾಟುವುದಿಲ್ಲ. ಅದರಲ್ಲೂ ಎರಡು ಬಗೆ ಇದೆ. ಒಂದು ನಿದ್ದೆಯಲ್ಲಿ ಆರೋಗ್ಯವಂತರಿಗೂ ಬರುವಂಥದ್ದು, ಇನ್ನೊಂದು ಹುಷಾರಾಗಿ ನೋಡಬೇಕಾದದ್ದು. ಮೂರನೇ ಹಂತದಲ್ಲಿ ಬಾಗಿಲು ಪೂರ್ತಿ ಮುಚ್ಚಿರುತ್ತದೆ. ಪೇಸ್‌ಮೇಕರ್ ಮಾತು ಬರುವುದು ಹೆಚ್ಚಾಗಿ ಇಲ್ಲಿ, ಎರಡನೇ ಹಂತದ ಆ ಹುಷಾರಿನ ಬಗೆಯಲ್ಲೂ.

ನಿಮಗೆ ಈ ಅರ್ಧ ಚೌಕ ಎಲ್ಲಿಂದ ಬಂತು? ಪತ್ರದ ಶುರುವಿನಲ್ಲೇ ಬಹುಶಃ ಉತ್ತರ ಇದೆ. ಅಟೆನೊಲಾಲ್. ಅದು ಬಿಪಿ ಇಳಿಸುವುದರ ಜೊತೆಗೆ ಎಸ್‌ಎ ನೋಡ್ ಕಿಡಿಯನ್ನು ನಿಧಾನ ಮಾಡುತ್ತದೆ, ಎವಿ ನೋಡ್ ಬಾಗಿಲಲ್ಲಿ ತಡವನ್ನೂ ಹೆಚ್ಚಿಸುತ್ತದೆ. ಆ ಮಾತ್ರೆಯ ಕೆಲಸವೇ ಅದು. ನಿಮ್ಮ ಬಡಿತ 56 ಇರುವುದಕ್ಕೂ ಇದೇ ಕಾರಣ ಇರಬಹುದು. ಮಾತ್ರೆ ಶುರು ಮಾಡುವ ಮುಂಚಿನ ಹಳೆಯ ಇಸಿಜಿ ಮನೆಯಲ್ಲಿ ಎಲ್ಲಾದರೂ ಇದ್ದರೆ ಹುಡುಕಿ. ಅದರಲ್ಲಿ ಪಿಆರ್ 170 ಇದ್ದು ಈಗ 220 ಆಗಿದ್ದರೆ ಅರ್ಧ ಪ್ರಶ್ನೆ ಅಲ್ಲೇ ಮುಗಿಯಿತು.

ಹಾಗಂತ ಇದನ್ನು ಓದಿ ನಾಳೆಯಿಂದ ಮಾತ್ರೆ ನಿಲ್ಲಿಸಬೇಡಿ. ಅಟೆನೊಲಾಲ್ ಬಗೆಯ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ಇಷ್ಟು ದಿನ ಅದುಮಿಟ್ಟಿದ್ದ ಬಡಿತ, ಬಿಪಿ ಎರಡೂ ಪುಟಿದೇಳುತ್ತವೆ. ಹೃದಯದ ರಕ್ತನಾಳದ ತೊಂದರೆ ಇರುವವರಿಗೆ ಅದು ಅಪಾಯ. ಬಿಡುವುದಾದರೆ ಡಾಕ್ಟರ್ ಹೇಳಿದಂತೆ ಹಂತಹಂತವಾಗಿ.

ರೈಟ್ ಬಂಡಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಲಗಡೆ ಕವಲಿನಲ್ಲಿ ಕಿಡಿ ಒಂಚೂರು ತಡ ಅಂತ ಅರ್ಥ. ‘ಇನ್‌ಕಂಪ್ಲೀಟ್’ ಅಂದರೆ ಅದೂ ಪೂರ್ತಿ ಇಲ್ಲ. ಯಾವ ಕಾಯಿಲೆಯೂ ಇಲ್ಲದ ಎಷ್ಟೋ ಜನರಲ್ಲಿ ಇದು ಇರುತ್ತದೆ, ಎದೆಯ ಮೇಲೆ ತಂತಿ ಅಂಟಿಸುವ ಜಾಗ ಸ್ವಲ್ಪ ಆಚೀಚೆ ಆದರೂ ಕಾಣುತ್ತದೆ. ಎಡಗವಲಿನ ಬ್ಲಾಕ್ ಹೊಸದಾಗಿ ಕಂಡಿದ್ದರೆ ನಾನು ಬೇರೆ ಥರ ಬರೆಯುತ್ತಿದ್ದೆ.

ನಿಮಗೆ ನಿದ್ದೆ ಕೆಡಿಸುತ್ತಿರುವುದು ಮೂರನೆಯದು, ವಿಪಿಸಿ, ಅಂದರೆ ಕೆಳಗಿನ ಕೋಣೆಯಿಂದ ಸರದಿಗೆ ಮುಂಚೆಯೇ ಬರುವ ಬಡಿತ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಬಡಿತ ‘ನಿಂತಿತು’ ಅಂತ ನೀವು ಬರೆದಿದ್ದೀರಿ. ನಿಜವಾಗಿ ಆಗುವುದು ಉಲ್ಟಾ. ಕೆಳಗಿನ ಕೋಣೆಯ ಒಂದು ಚುಕ್ಕೆಯಷ್ಟು ಜಾಗ ಸರದಿ ಬರುವ ಮುಂಚೆಯೇ ಆತುರಪಟ್ಟು ಕಿಡಿ ಹಾರಿಸುತ್ತದೆ. ಕೋಣೆ ಇನ್ನೂ ತುಂಬಿಲ್ಲ. ಆದರೂ ಹಿಂಡುತ್ತದೆ. ಹೊರಗೆ ಹೋಗುವ ರಕ್ತ ಎಷ್ಟು ಕಡಿಮೆ ಅಂದರೆ ಮಣಿಕಟ್ಟಿನ ನಾಡಿಗೆ ಅದು ಮುಟ್ಟುವುದೇ ಇಲ್ಲ. ನಿಮಗೂ ಅದು ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಎಸ್‌ಎ ನೋಡ್‌ನ ಮಾಮೂಲಿ ಕಿಡಿ ಬರುತ್ತದೆ. ಆದರೆ ಆಗಷ್ಟೇ ಹಿಂಡಿದ ಮಾಂಸ ಇನ್ನೂ ಸುಧಾರಿಸಿಕೊಳ್ಳುತ್ತಿರುತ್ತದೆ, ಆ ಕಿಡಿಗೆ ಓಗೊಡುವುದಿಲ್ಲ. ಹಾಗಾಗಿ ಒಂದು ಖಾಲಿ ಜಾಗ. ನೀವು ‘ನಿಂತಿತು’ ಅಂದದ್ದು ಇದನ್ನು. ಈ ಹೆಚ್ಚಿನ ಹೊತ್ತಿನಲ್ಲಿ ಕೋಣೆಗೆ ಹೆಚ್ಚು ರಕ್ತ ತುಂಬುತ್ತದೆ. ತುಂಬಿದಷ್ಟೂ ಮಾಂಸ ಹಿಗ್ಗುತ್ತದೆ, ಹಿಗ್ಗಿದಷ್ಟೂ ಜೋರಾಗಿ ಹಿಂಡುತ್ತದೆ. ಅದೇ ನಿಮ್ಮ ‘ಧಡ್’.

ಅಂದರೆ ಆ ‘ಧಡ್’ ಮಾಮೂಲಿ ಬಡಿತ. ಎಲ್ಲಕ್ಕಿಂತ ಚೆನ್ನಾಗಿ ರಕ್ತ ತಳ್ಳಿದ ಬಡಿತವೂ ಅದೇ. ಇದನ್ನು ಹೇಳಿದಾಗ ಎದುರು ಕೂತವರು ಒಂದು ಕ್ಷಣ ಸುಮ್ಮನಾಗಿ, ಆಮೇಲೆ ‘ಹಾಗಾದರೆ ತಪ್ಪಿದ್ದು ಯಾವುದು?’ ಅಂತ ಕೇಳುತ್ತಾರೆ. ಯಾವುದೂ ತಪ್ಪಿಲ್ಲ, ಒಂದು ಬೇಗ ಬಂತು, ಅಷ್ಟೇ.

ನಿಮಗೆ ಅನುಮಾನ ಇದ್ದರೆ ರಾತ್ರಿ ಹೀಗಾದಾಗ ಎರಡು ಬೆರಳನ್ನು ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲಿಟ್ಟು ನಾಡಿ ನೋಡಿ. ಟಕ್, ಟಕ್, ಟಕ್, ಖಾಲಿ, ಟಕ್. ಸ್ಮಾರ್ಟ್‌ವಾಚ್ ಕೊಡುವ ಬಡಿತದ ಲೆಕ್ಕ ಇಂಥ ಹೊತ್ತಿನಲ್ಲಿ ಕಡಿಮೆ ತೋರಿಸಬಹುದು. ಅದು ಎಣಿಸುವುದು ಚರ್ಮದ ಕೆಳಗೆ ಬಂದ ರಕ್ತದ ಅಲೆಯನ್ನು, ಕಿಡಿಯನ್ನಲ್ಲ.

‘ಹಾಗೇ ನಿಂತುಬಿಟ್ಟರೆ?’ ಈ ಭಯಕ್ಕೆ ಹೃದಯ ತಾನೇ ಏರ್ಪಾಡು ಮಾಡಿಕೊಂಡಿದೆ. ಎಸ್‌ಎ ನೋಡ್ ಸುಮ್ಮನಾದರೆ ಎವಿ ನೋಡ್ ಹತ್ತಿರದ ಕೋಶಗಳು ನಿಮಿಷಕ್ಕೆ 40ರಿಂದ 60ರ ವೇಗದಲ್ಲಿ ಕೆಲಸ ಕೈಗೆತ್ತಿಕೊಳ್ಳುತ್ತವೆ. ಅವೂ ಕೈಕೊಟ್ಟರೆ ಕೆಳಗಿನ ಕೋಣೆಗಳೇ 20ರಿಂದ 40ರ ವೇಗದಲ್ಲಿ ಬಡಿದುಕೊಳ್ಳುತ್ತವೆ. ಈ ಕೊನೆಯದು ನಂಬಿಕೊಂಡು ಕೂರುವಂಥದ್ದಲ್ಲ, ಜನ ತಲೆ ತಿರುಗಿ ಬೀಳುವುದು ಅಲ್ಲೇ. ಆದರೆ ಒಂದು ವಿಪಿಸಿಯ ಹಿಂದಿನ ಖಾಲಿ ಜಾಗಕ್ಕೂ ಇದಕ್ಕೂ ಸಂಬಂಧ ಇಲ್ಲ.

ವಿಪಿಸಿ ಯಾಕೆ ಬರುತ್ತದೆ? ಇಡೀ ದಿನ ಇಸಿಜಿ ತೆಗೆದರೆ ಆರೋಗ್ಯವಂತರಲ್ಲೂ ಬಹಳಷ್ಟು ಜನರಲ್ಲಿ ಒಂದೆರಡಾದರೂ ಕಾಣುತ್ತವೆ. ನಿದ್ದೆಗೆಟ್ಟಾಗ, ಜ್ವರ ಬಂದಾಗ, ಮನಸ್ಸಿಗೆ ಒತ್ತಡ ಆದಾಗ, ಕಾಫಿ ಅಥವಾ ಮದ್ಯ ಜಾಸ್ತಿಯಾದಾಗ ಕೆಲವರಿಗೆ ಹೆಚ್ಚುತ್ತವೆ. ರಕ್ತ ಕಡಿಮೆ ಇರುವುದು, ಥೈರಾಯ್ಡ್ ಜಾಸ್ತಿ ಇರುವುದು, ಪೊಟಾಶಿಯಂ ಅಥವಾ ಮೆಗ್ನೀಶಿಯಂ ಇಳಿದಿರುವುದು, ಇವನ್ನು ರಕ್ತಪರೀಕ್ಷೆಯಲ್ಲಿ ಹಿಡಿಯಬಹುದು. ಗೊರಕೆ ಹೊಡೆದು ಉಸಿರುಗಟ್ಟಿ ಏಳುವವರಲ್ಲೂ ಬಡಿತದ ಏರುಪೇರು ಹೆಚ್ಚು. ಕೆಲವೊಮ್ಮೆ ಹೃದಯದ ಮಾಂಸದಲ್ಲಿ ಹಳೆಯ ಗಾಯವೋ ಸೊರಗುವಿಕೆಯೋ ಇದ್ದು ಅಲ್ಲಿಂದ ಬರುತ್ತವೆ. ವಿಪಿಸಿ ಎಷ್ಟು ಅನ್ನುವುದಕ್ಕಿಂತ ಅದು ಎಂಥ ಹೃದಯದಲ್ಲಿ ಬಂದಿದೆ ಅನ್ನುವುದೇ ಮುಖ್ಯ ಅಂತ ನಾವು ಹೇಳುವುದು ಇದಕ್ಕೇ.

ಒಂದು ವಿಷಯ ನಿಮ್ಮ ಪತ್ರದಲ್ಲಿ ಎದ್ದು ಕಂಡಿತು. 56 ಅಂದರೆ ಹೃದಯ ಸೋತಿದೆ, ರಕ್ತ ಕಡಿಮೆ ಓಡುತ್ತಿದೆ ಅಂತ ನೀವು ಬರೆದಿಲ್ಲ, ಆದರೆ ವಾಕಿಂಗ್ ಬಿಟ್ಟದ್ದರಲ್ಲಿ ಆ ಯೋಚನೆಯೂ ಇದ್ದ ಹಾಗಿದೆ. ಲೆಕ್ಕ ಹಾಕಿ ನೋಡಿ. ಕೆಳಗಿನ ಎಡಕೋಣೆ ಒಂದು ಸಲ ಹಿಂಡಿದರೆ ಸುಮಾರು 70 ಮಿಲಿಲೀಟರ್ ರಕ್ತ ತಳ್ಳುತ್ತದೆ. ನಿಮಿಷಕ್ಕೆ 70 ಬಡಿತ ಅಂದರೆ ಸುಮಾರು 5 ಲೀಟರ್. ಮೈಯಲ್ಲಿ ಇರುವ ರಕ್ತವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಸುಮ್ಮನೆ ಕೂತಾಗ ಇಡೀ ರಕ್ತ ಒಂದು ನಿಮಿಷಕ್ಕೆ ಒಂದು ಸುತ್ತು ಬರುತ್ತದೆ. ಬಡಿತ ನಿಧಾನವಾದರೆ ತುಂಬಲು ಹೆಚ್ಚು ಹೊತ್ತು ಸಿಗುತ್ತದೆ, ಒಂದೊಂದು ಸಲ ಹಿಂಡಿದಾಗಲೂ ಹೆಚ್ಚು ರಕ್ತ ಹೋಗುತ್ತದೆ. ಒಟ್ಟು ಲೆಕ್ಕ ಅಷ್ಟೇನೂ ಇಳಿಯುವುದಿಲ್ಲ. ದೂರ ಓಡುವ ಓಟಗಾರರ ಬಡಿತ 50ಕ್ಕಿಂತ ಕೆಳಗೆ ಇರುವುದು ಉಂಟು.

ಇದೇ ಗುಣಾಕಾರದಿಂದ ಇಂಗ್ಲೆಂಡಿನ ಡಾಕ್ಟರ್ ವಿಲಿಯಂ ಹಾರ್ವಿ 1628ರಲ್ಲಿ ರಕ್ತ ಸುತ್ತು ಹಾಕುತ್ತದೆ ಅಂತ ತೋರಿಸಿದ್ದು. ಅದಕ್ಕೂ ಮುಂಚೆ ಲಿವರ್ ರಕ್ತ ಮಾಡುತ್ತದೆ, ಮೈ ಅದನ್ನು ತಿಂದು ಮುಗಿಸುತ್ತದೆ ಅಂತ ನಂಬಿದ್ದರು. ಅರ್ಧ ಗಂಟೆಯಲ್ಲಿ ಹೃದಯ ತಳ್ಳುವ ರಕ್ತ ಇಡೀ ಮೈಯಲ್ಲಿ ಇರುವುದಕ್ಕಿಂತ ಜಾಸ್ತಿ ಆಗುತ್ತದೆ, ಅಷ್ಟನ್ನು ಯಾವ ಲಿವರ್ ಮಾಡೀತು? ಅದೇ ರಕ್ತ ವಾಪಸ್ ಬರಲೇಬೇಕು ಅಂದರು ಹಾರ್ವಿ. ಬಲಭಾಗ ಶ್ವಾಸಕೋಶಕ್ಕೆ ಕಳಿಸುತ್ತದೆ, ಅಲ್ಲಿ ಆಮ್ಲಜನಕ ತುಂಬಿಕೊಂಡು ಎಡಕ್ಕೆ ಬರುತ್ತದೆ, ಎಡಭಾಗ ಮೈಗೆಲ್ಲ ಕಳಿಸುತ್ತದೆ, ಮತ್ತೆ ಬಲಕ್ಕೆ ವಾಪಸ್.

ವಿಚಿತ್ರ ಏನೆಂದರೆ ಹೃದಯದ ಕೋಣೆಗಳ ತುಂಬ ರಕ್ತ ಇದ್ದರೂ ಅದರ ದಪ್ಪ ಗೋಡೆ ಆ ರಕ್ತ ಹೀರಿ ಬದುಕಲಾರದು. ಅದಕ್ಕೆ ಬೇರೆಯೇ ಕೊಳವೆಗಳು ಬೇಕು. ಮಹಾರಕ್ತನಾಳ ಹೃದಯದಿಂದ ಹೊರಟ ಕೂಡಲೇ ಅದರ ಬುಡದಲ್ಲಿ ಎರಡು ಕವಲು ಒಡೆದು ಹೃದಯದ ಮೈಮೇಲೆ ಹಬ್ಬುತ್ತವೆ. ಅವೇ ಕೊರೊನರಿ ನಾಳಗಳು. ಅಣ್ಣನ ಬ್ಲಾಕ್ ಇದ್ದದ್ದು ಇವುಗಳಲ್ಲಿ. ಎಡಗೋಡೆಗೆ ಇವುಗಳಿಂದ ರಕ್ತ ಹರಿಯುವುದು ಹೆಚ್ಚಾಗಿ ಹೃದಯ ಸಡಿಲಗೊಂಡ ಹೊತ್ತಿನಲ್ಲಿ, ಹಿಂಡುವಾಗ ಕೊಳವೆಗಳೇ ಅದುಮಿಹೋಗಿರುತ್ತವೆ. ಹಾಗಾಗಿ ಬಡಿತ ನಿಧಾನವಾದರೆ ಹೃದಯದ ಹೊಟ್ಟೆ ತುಂಬಲು ಹೆಚ್ಚು ಪುರುಸೊತ್ತು. ಎದೆನೋವು ಇರುವವರಿಗೆ ಅಟೆನೊಲಾಲ್‌ನಂಥ ಮಾತ್ರೆ ಕೊಡುವುದು ಈ ಕಾರಣಕ್ಕೂ ಹೌದು.

ಇನ್ನೊಂದು ತಪ್ಪು ನಂಬಿಕೆ ಇದೆ, ನಿಮ್ಮದಕ್ಕಿಂತ ಅಪಾಯದ್ದು. ಇಸಿಜಿ ನಾರ್ಮಲ್ ಬಂದರೆ ರಕ್ತನಾಳ ಕ್ಲೀನ್ ಅನ್ನುವುದು. ವರ್ಷಗಳ ಹಿಂದೆ ಒಬ್ಬರು ನಾರ್ಮಲ್ ಇಸಿಜಿಯನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದರು. ಎರಡನೇ ಮಹಡಿ ಹತ್ತುವಾಗ ಎದೆ ಬಿಗಿಯುತ್ತಿತ್ತು, ನಿಂತರೆ ಎರಡು ನಿಮಿಷದಲ್ಲಿ ಹೋಗುತ್ತಿತ್ತು. ‘ಗ್ಯಾಸ್ ಇರಬೇಕು ಸಾರ್, ಇಸಿಜಿ ನಾರ್ಮಲ್ ಇದೆಯಲ್ಲ’ ಅಂದರು. ಅವರ ಮುಖ್ಯ ನಾಳವೊಂದು ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕಿರಿದಾಗಿತ್ತು. ಸುಮ್ಮನೆ ಮಲಗಿದ್ದಾಗ ಉಳಿದ ಸಣ್ಣ ದಾರಿಯೇ ಸಾಕಾಗುತ್ತದೆ, ಹಾಗಾಗಿ ಹಾಳೆಯಲ್ಲಿ ಏನೂ ಕಾಣುವುದಿಲ್ಲ. ನನಗೆ ಅವರ ಹಾಳೆಗಿಂತ ಅವರ ಮೆಟ್ಟಿಲ ಕಥೆ ಮುಖ್ಯವಾಗಿತ್ತು.

ಇಲ್ಲಿಗೆ ನಿಮ್ಮ ಅಣ್ಣನ ವಿಷಯ ಮತ್ತೆ ಬರಬೇಕು. ನೀವು ಹೆದರಿದ ಕಾರಣ ತಪ್ಪು, ಆದರೆ ಅಣ್ಣನನ್ನು ನೆನೆದದ್ದು ತಪ್ಪಲ್ಲ. ಒಡಹುಟ್ಟಿದ ಗಂಡಸಿಗೆ 55ರೊಳಗೆ ಕೊರೊನರಿ ಕಾಯಿಲೆ ಬಂದಿದ್ದರೆ ನಾವು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. ಜೊತೆಗೆ ನಿಮಗೆ ಬಿಪಿ ಇದೆ. ಹಾಗಾಗಿ ಸಕ್ಕರೆ, ಕೊಲೆಸ್ಟರಾಲ್, ಕಿಡ್ನಿ ಪರೀಕ್ಷೆ ಮಾಡಿಸಿ, ಸಿಗರೇಟಿನ ಹೊಗೆ ಮನೆಯಲ್ಲಿ ಇದ್ದರೆ ಅದನ್ನು ಹೊರಗೆ ಹಾಕಿ. ಕೆಟ್ಟ ಕೊಲೆಸ್ಟರಾಲ್ ಜಾಸ್ತಿ ಇದ್ದರೆ ಡಾಕ್ಟರ್ ಸ್ಟ್ಯಾಟಿನ್ ಮಾತ್ರೆಯ ಮಾತು ತೆಗೆಯಬಹುದು, ಗಾಬರಿ ಆಗಬೇಡಿ. ಇಸಿಜಿಯಲ್ಲಿ ‘ಬ್ಲಾಕ್’ ಪದ ಇಲ್ಲದಿದ್ದರೂ ಇವನ್ನೆಲ್ಲ ನಾನು ಹೇಳುತ್ತಿದ್ದೆ.

ಈಗ ನಿಮ್ಮ ಮುಂದಿರುವ ದಾರಿಗಳು. ನಾನಾದರೆ ಮೊದಲು ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿಸುತ್ತಿದ್ದೆ. ಅದರಲ್ಲಿ ಹೃದಯ ಎಷ್ಟು ಚೆನ್ನಾಗಿ ಹಿಂಡುತ್ತಿದೆ, ಕವಾಟ ಸರಿ ಇವೆಯಾ ಅನ್ನುವುದು ಕಾಣುತ್ತದೆ. ಆಮೇಲೆ 24 ಗಂಟೆಯ ಹೋಲ್ಟರ್. ಎದೆಗೆ ಸಣ್ಣ ಪೆಟ್ಟಿಗೆ ಅಂಟಿಸಿ ಮನೆಗೆ ಕಳಿಸುತ್ತಾರೆ, ನೀವು ಮಾಮೂಲಿಯಾಗಿ ಪಾಠ ಮಾಡಿ, ಎಡಕ್ಕೇ ಮಲಗಿ. ದಿನದ ಒಟ್ಟು ಬಡಿತದಲ್ಲಿ ವಿಪಿಸಿ ಎಷ್ಟು, ರಾತ್ರಿ ಬಾಗಿಲಲ್ಲಿ ಕಿಡಿ ನಿಲ್ಲುತ್ತಿದೆಯಾ, ಎರಡೂ ಗೊತ್ತಾಗುತ್ತದೆ. ಎಕೋ ಚೆನ್ನಾಗಿದ್ದು ವಿಪಿಸಿ ವಿರಳವಾಗಿದ್ದರೆ ಔಷಧಿ ಬೇಕಿಲ್ಲ. ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಇದ್ದರೆ ಅವು ವರ್ಷಗಳು ಕಳೆದಂತೆ ಹೃದಯವನ್ನು ಸುಸ್ತು ಮಾಡಬಹುದು, ಆಗ ಬೇರೆ ಯೋಚನೆ.

ಮಾತ್ರೆ ಬದಲಿಸುವುದೋ ಬೇಡವೋ ಅನ್ನುವುದರಲ್ಲಿ ಒಂದು ಇಕ್ಕಟ್ಟಿದೆ. ಅಟೆನೊಲಾಲ್ ಬಾಗಿಲನ್ನು ನಿಧಾನ ಮಾಡುತ್ತಿರಬಹುದು, ಆದರೆ ವಿಪಿಸಿಗಳನ್ನು ಹದ್ದುಬಸ್ತಿನಲ್ಲಿ ಇಟ್ಟಿರುವುದೂ ಅದೇ ಇರಬಹುದು. ತಲೆಸುತ್ತು, ಸುಸ್ತು ಇಲ್ಲದಿದ್ದರೆ 56ರ ಬಡಿತ, 220ರ ಪಿಆರ್ ನೋಡಿ ನಾನು ಮಾತ್ರೆ ಮುಟ್ಟುವುದಿಲ್ಲ, ಕೆಲವು ತಿಂಗಳ ನಂತರ ಇನ್ನೊಂದು ಇಸಿಜಿ ಮಾಡಿಸುತ್ತೇನೆ. ಬಾಗಿಲನ್ನು ಮುಟ್ಟದ ಬೇರೆ ಬಿಪಿ ಮಾತ್ರೆಗಳೂ ಇವೆ, ನಿಮ್ಮ ಡಾಕ್ಟರ್ ಅದಕ್ಕೆ ಬದಲಿಸಿದರೂ ತಪ್ಪಿಲ್ಲ. ಆದರೆ ಇದೊಂದು ನೆನಪಿಡಿ: ಬೇರೆ ಯಾವ ಡಾಕ್ಟರ್ ಹತ್ತಿರ ಹೋದರೂ ಅಟೆನೊಲಾಲ್ ತೆಗೆದುಕೊಳ್ಳುತ್ತೇನೆ ಅಂತ ಮೊದಲೇ ಹೇಳಿ. ವೆರಾಪಮಿಲ್, ಡಿಲ್ಟಿಯಾಜೆಮ್ ಅನ್ನುವ ಮಾತ್ರೆಗಳೂ ಅದೇ ಬಾಗಿಲನ್ನು ನಿಧಾನ ಮಾಡುತ್ತವೆ. ಎರಡೂ ಸೇರಿದರೆ ಅರ್ಧ ಚೌಕದ ತಡ ನಿಜವಾದ ಬ್ಲಾಕ್ ಆಗಬಹುದು.

ವಿಪಿಸಿಯನ್ನು ಒತ್ತಾಯವಾಗಿ ಅಡಗಿಸುವ ಬಲವಾದ ಔಷಧಿಗಳೂ ಇವೆ. ಅವನ್ನು ಕೇಳಿ ಪಡೆಯಬೇಡಿ. 1989ರಲ್ಲಿ ಕಾಸ್ಟ್ ಅನ್ನುವ ದೊಡ್ಡ ಅಧ್ಯಯನದ ಫಲಿತಾಂಶ ಬಂದಾಗ ನಮ್ಮ ವೃತ್ತಿಯೇ ಬೆಚ್ಚಿಬಿತ್ತು. ಹೃದಯಾಘಾತ ಆದವರಿಗೆ ಕೊಟ್ಟ ಫ್ಲೆಕೈನೈಡ್, ಎನ್‌ಕೈನೈಡ್ ಮಾತ್ರೆಗಳು ವಿಪಿಸಿಗಳನ್ನು ಚೆನ್ನಾಗಿಯೇ ಅಡಗಿಸಿದ್ದವು. ಆದರೆ ಮಾತ್ರೆ ತೆಗೆದುಕೊಂಡವರಲ್ಲೇ ಸಾವು ಹೆಚ್ಚಾಗಿತ್ತು. ಹಾಳೆ ಚೆನ್ನಾಯಿತು, ರೋಗಿ ಉಳಿಯಲಿಲ್ಲ. ಇಂದಿಗೂ ಒಂದು ವಿಪಿಸಿ ಕಂಡ ಕೂಡಲೇ ಪೆನ್ನು ತೆಗೆಯುವ ಡಾಕ್ಟರ್‌ನ ನೋಡಿದರೆ ನನಗೆ ಇದು ನೆನಪಾಗುತ್ತದೆ.

ವಿಪಿಸಿ ಬಹಳ ಜಾಸ್ತಿ ಇದ್ದು ತೊಂದರೆ ಕೊಡುತ್ತಿದ್ದರೆ ಅಬ್ಲೇಶನ್ ಇದೆ. ತೊಡೆಸಂದಿಯ ರಕ್ತನಾಳದಿಂದ ತಂತಿ ಕಳಿಸಿ ಆತುರದ ಆ ಚುಕ್ಕೆಯನ್ನು ಹುಡುಕಿ ಸುಡುತ್ತಾರೆ. ರಕ್ತಸ್ರಾವ, ಅಪರೂಪಕ್ಕೆ ಹೃದಯದ ಸುತ್ತ ರಕ್ತ ತುಂಬುವುದು, ಇಂಥ ಅಪಾಯ ಇದೆ. ನಿಮ್ಮ ಮಟ್ಟಿಗೆ ಇದು ದೂರದ ಮಾತು.

ಪೇಸ್‌ಮೇಕರ್ ಈಗ ಬೇಡ ಅಂತ ಆಗಲೇ ಹೇಳಿದೆ. ಆದರೆ ಅದರ ಹೆಸರು ಕೇಳಿ ಹೆದರುವುದೂ ಬೇಡ. ಅದು ‘ಶಾಕ್’ ಕೊಡುವ ಯಂತ್ರವಲ್ಲ. ಶಾಕ್ ಕೊಡುವುದು ಐಸಿಡಿ ಅನ್ನುವ ಬೇರೆ ಸಾಧನ. ಪೇಸ್‌ಮೇಕರ್ ಕಿಡಿ ಎಷ್ಟು ಸಣ್ಣದು ಅಂದರೆ ಹಾಕಿಸಿಕೊಂಡವರಿಗೆ ಮಾಮೂಲಾಗಿ ಗೊತ್ತೇ ಆಗುವುದಿಲ್ಲ. ಮೈಯೊಳಗೆ ಇಡುವ ಮೊದಲ ಪೇಸ್‌ಮೇಕರನ್ನು 1958ರಲ್ಲಿ ಸ್ವೀಡನ್ನಿನ ಆರ್ನೆ ಲಾರ್ಸನ್ ಅವರಿಗೆ ಹಾಕಿದರು. ಅದು ಕೆಲವೇ ಗಂಟೆ ನಡೆಯಿತು. ಇನ್ನೊಂದು ಹಾಕಿದರು. ಹೀಗೆ 20ಕ್ಕೂ ಹೆಚ್ಚು ಪೇಸ್‌ಮೇಕರ್ ಬದಲಿಸಿಕೊಂಡು ಅವರು 2001ರವರೆಗೆ, 86 ವರ್ಷ ಬದುಕಿದರು. ಅದನ್ನು ಮಾಡಿದ ಇಂಜಿನಿಯರ್, ಹಾಕಿದ ಸರ್ಜನ್ ಇಬ್ಬರೂ ಅವರಿಗಿಂತ ಮುಂಚೆ ತೀರಿಕೊಂಡರು! ಈಗಿನವು ಹತ್ತು ವರ್ಷದ ಆಸುಪಾಸು ಬಾಳುತ್ತವೆ. ಸೋಂಕು, ತಂತಿ ಜಾರುವುದು, ರಕ್ತ ಕಟ್ಟಿಕೊಳ್ಳುವುದು, ಇವು ಆಗುವುದು ಉಂಟು. ಬೇಕಾಗಿಲ್ಲದವರಿಗೆ ಹಾಕಬಾರದು ಅನ್ನುವುದು ಇದಕ್ಕೇ.

ಆಂಜಿಯೋಗ್ರಾಮ್, ಸ್ಟೆಂಟ್? ಸುಮ್ಮನೆ ‘ಒಂದು ಸಲ ನೋಡಿಬಿಡೋಣ’ ಅಂತ ಮಾಡಿಸುವಂಥದ್ದಲ್ಲ. ನಾಳಕ್ಕೆ ಪೆಟ್ಟಾಗಬಹುದು, ಬಣ್ಣದ ಔಷಧಿ ಕಿಡ್ನಿಗೆ ಭಾರವಾಗಬಹುದು, ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಬಗೆಯ ಮಾತ್ರೆ ತಿಂಗಳುಗಟ್ಟಲೆ ಬೇಕು. ಮೆಟ್ಟಿಲು ಹತ್ತುವಾಗ ಎದೆ ಬಿಗಿಯಲು ಶುರುವಾದರೆ ಆಗ ಆ ಮಾತು.

ಕೆಲವು ಲಕ್ಷಣ ಬಂದರೆ ಮಾತ್ರ ಕಾಯಬೇಡಿ. ಪ್ರಜ್ಞೆ ತಪ್ಪಿ ಬೀಳುವುದು, ಅದರಲ್ಲೂ ಓಡುವಾಗಲೋ ಭಾರ ಎತ್ತುವಾಗಲೋ ಬೀಳುವುದು. ಬಡಿತ ಒಮ್ಮೆಲೇ 150ರ ಮೇಲೆ ಹೋಗಿ ನಿಮಿಷಗಟ್ಟಲೆ ಇಳಿಯದಿರುವುದು. ಏದುಸಿರು. ಎದೆಯಲ್ಲಿ ಒತ್ತಿದಂಥ ನೋವು ಬಂದು ಕೈಗೋ ದವಡೆಗೋ ಹರಡಿ, ತಣ್ಣನೆ ಬೆವರುವುದು. ಮನೆತನದಲ್ಲಿ ಚಿಕ್ಕ ವಯಸ್ಸಿನವರು ಇದ್ದಕ್ಕಿದ್ದಂತೆ ತೀರಿಹೋಗಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಎದೆನೋವಿದ್ದಾಗ ಜೋರಾಗಿ ಕೆಮ್ಮುತ್ತಿದ್ದರೆ ಹೃದಯಾಘಾತ ನಿಲ್ಲುತ್ತದೆ ಅಂತ ಮೊಬೈಲಿನಲ್ಲಿ ಸುತ್ತುವ ಸಂದೇಶ ಸುಳ್ಳು. ಕೆಮ್ಮು ಮುಚ್ಚಿದ ನಾಳವನ್ನು ತೆರೆಯುವುದಿಲ್ಲ. ಕೂತುಕೊಳ್ಳಿ, ಆಂಬ್ಯುಲೆನ್ಸ್ ಕರೆಸಿ.

ನಾಳ ಮುಚ್ಚಿ ಮಾಂಸ ಸಾಯತೊಡಗುವುದು ಹೃದಯಾಘಾತ, ಆ ಮನುಷ್ಯ ಮಾತಾಡುತ್ತಿರಬಹುದು. ಕರೆಂಟ್ ಹುಚ್ಚೆದ್ದು ಹೃದಯ ಹಿಂಡುವುದೇ ನಿಂತರೆ ಹೃದಯಸ್ತಂಭನ, ಆ ಮನುಷ್ಯ ಕುಸಿದು ಬಿದ್ದಿರುತ್ತಾನೆ, ಸರಿಯಾಗಿ ಉಸಿರಾಡುವುದಿಲ್ಲ. ಮೊದಲನೆಯದು ಎರಡನೆಯದಕ್ಕೆ ದಾರಿ ಮಾಡಬಹುದು. ಹೀಗೆ ಕುಸಿದವರ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಜೋರಾಗಿ ಒತ್ತುವುದನ್ನು ಕಲಿತುಕೊಳ್ಳಿ. ನೀವು ಟೀಚರ್, ಮಕ್ಕಳಿಗೂ ಕಲಿಸಬಹುದು.

ವಾಕಿಂಗ್ ಶುರು ಮಾಡಿ. ಮೊದಲ ವಾರ ಮಾತಾಡುತ್ತಾ ನಡೆಯುವಷ್ಟು ವೇಗ ಸಾಕು. ಜೋರಾಗಿ ನಡೆದಾಗ ವಿಪಿಸಿ ಮಾಯವಾದರೆ ಒಳ್ಳೆಯ ಲಕ್ಷಣ. ನಡೆದಷ್ಟೂ ಜಾಸ್ತಿಯಾದರೆ ನಿಲ್ಲಿಸಿ, ಡಾಕ್ಟರಿಗೆ ಹೇಳಿ, ಅವರು ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡುತ್ತಾರೆ. ಹೋಗುವಾಗ ಹೊಸ ಇಸಿಜಿ, ಹಳೆಯ ಇಸಿಜಿ, ಮಾತ್ರೆಯ ಖಾಲಿ ಸ್ಟ್ರಿಪ್ ಎಲ್ಲ ಒಯ್ಯಿರಿ.

ಕೊನೆಯದಾಗಿ, ಎಡಕ್ಕೆ ಮಲಗುವುದು. ಎಡಮಗ್ಗುಲಾದಾಗ ಹೃದಯ ಸ್ವಲ್ಪ ವಾಲಿ ಎದೆಗೋಡೆಗೆ ಹತ್ತಿರ ಬರುತ್ತದೆ. ಸುತ್ತ ಸದ್ದಿಲ್ಲ, ಕಿವಿ ದಿಂಬಿಗೆ ಒತ್ತಿದೆ. ಬಡಿತ ನಿಧಾನ ಇರುವುದರಿಂದ ಆತುರದ ಕಿಡಿಗೂ ನಡುವೆ ನುಗ್ಗಲು ಜಾಗ ಸಿಗುತ್ತದೆ. ಹಗಲಿನ ಗಲಾಟೆಯಲ್ಲಿ ಗೊತ್ತಾಗದ ‘ಧಡ್’ ಅಲ್ಲಿ ದೊಡ್ಡದಾಗಿ ಕೇಳುತ್ತದೆ. ಹಾಗೆ ಮಲಗಿದ್ದರಿಂದ ಹೃದಯಕ್ಕೆ ಏನೂ ಆಗುವುದಿಲ್ಲ. ಸದ್ದು ಕಿರಿಕಿರಿ ಅನ್ನಿಸಿದರೆ ಬಲಕ್ಕೆ ಹೊರಳಿ, ಇಲ್ಲದಿದ್ದರೆ ಎಡಕ್ಕೇ ಮಲಗಿ.